ಆನೆದಾರಿಯ ಬಾವಿ

ನಮ್ಮೂರಿಗೆ ಆನೆ ಬಂತೆಂದರೆ ಮೊದಲು ಹೋಗುವುದು ಸದ್ದು. ಆನೆ ಕಣ್ಣಿಗೆ ಬೀಳುವ ಮುಂಚೆ, ಅದರ ವಾಸನೆ ಮೂಗಿಗೆ ಬಡಿಯುವ ಮುಂಚೆ, ಕಿವಿ ಖಾಲಿಯಾಗುತ್ತದೆ. ಒಲೆಯ ಮೇಲೆ ಸಾರು ಕುದಿಯುತ್ತಲೇ ಇರುತ್ತದೆ, ಕೊತಕೊತ ಇರುವುದಿಲ್ಲ. ನಾಯಿ ಬಾಯಿ ತೆರೆದು ತೆರೆದು ಮುಚ್ಚುತ್ತದೆ, ಬೊಗಳು ಇರುವುದಿಲ್ಲ. ಆನೆಗಳು ಊರ ಪಕ್ಕದ ದಾರಿ ಹಿಡಿದು ಹೊಳೆಗೆ ಇಳಿದ ಮೇಲೆ, ಗಡಿಗೆಯ ಮುಚ್ಚಳ ತೆಗೆದ ಹಾಗೆ ಸದ್ದು ವಾಪಸ್ಸು ಬರುತ್ತದೆ. ನಿಂತಲ್ಲೇ ನಿಂತಿದ್ದವರು ಮತ್ತೆ ನಡೆಯುತ್ತಾರೆ.

ಹಾಗಾಗಿ ನಮ್ಮ ಜನ ಸುಮ್ಮನಿರುವವರಲ್ಲ. ಕಳೆ ಕೀಳುವ ಹೆಂಗಸರು ಬಾಯಲ್ಲಿ ಏನಾದರೂ ಗುನುಗುತ್ತಲೇ ಇರುತ್ತಾರೆ, ತಮ್ಮ ದನಿ ತಮಗೇ ಕೇಳದಿದ್ದರೆ ಕುಡುಗೋಲು ಎತ್ತಿಕೊಂಡು ಎದ್ದುಬಿಡುತ್ತಾರೆ. ಮೊಣಕಾಲೆತ್ತರದ ಮಕ್ಕಳ ಕಾಲಿಗೂ ಗೆಜ್ಜೆ. ಮದುವೆಯಲ್ಲಿ ಓಲಗದ ಸದ್ದು ಹೋದರೆ ಎತ್ತಿದ ಅಕ್ಷತೆ ಕೈಯಲ್ಲೇ ಇರುತ್ತದೆ, ಗಂಡು ತಾಳಿ ಹಿಡಿದುಕೊಂಡೇ ಕಾಯುತ್ತಾನೆ. ಜಗಳ ಅರ್ಧಕ್ಕೆ ನಿಂತು, ಆನೆ ಹೋದ ಮೇಲೆ ಎಲ್ಲಿಗೆ ಬಿಟ್ಟಿದ್ದೆವು ಎಂದು ಇಬ್ಬರಿಗೂ ಮರೆತು, ನಕ್ಕು ಮನೆಗೆ ಹೋದವರಿದ್ದಾರೆ. ಎಲ್ಲರ ಸೊಂಟದಲ್ಲೂ ದಾರಕ್ಕೆ ಕಟ್ಟಿದ ಒಂದು ಕನ್ನಡಿ ಚೂರು ಇರುತ್ತದೆ, ದೂರದಲ್ಲಿರುವವರನ್ನು ಕೂಗಲಾಗದಾಗ ಬಿಸಿಲು ಮಿಂಚಿಸುವುದಕ್ಕೆ. ಹತ್ತಿರದವರ ಜೊತೆ ಕೈಮಾತು. ಅದನ್ನು ನಾವು ಅಮ್ಮನ ಸೊಂಟದ ಮೇಲೆ ಕೂತೇ ಕಲಿಯುತ್ತೇವೆ.

ನನ್ನದು ಹಿಟ್ಟಿನ ಮಿಲ್ಲು. ಅದರ ಸದ್ದು ಊರ ಆ ತುದಿಯ ತನಕ ಕೇಳುತ್ತದೆ. ಕಾಳು ಬಾರದ ದಿನವೂ ಬರಿಯ ಬೆಲ್ಟಾದರೂ ತಿರುಗುತ್ತಿರಬೇಕು ಎಂದು ಊರೇ ಹೇಳಿದೆ. ಮಿಲ್ಲು ಕೇಳಿಸುತ್ತಿದ್ದರೆ ಜನ ಹೊರಗೆ, ಕೇಳಿಸದಿದ್ದರೆ ಒಳಗೆ. ಕರೆಂಟು ಹೋದರೂ ಓಡಿಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಆಮೇಲೆ ಬಂದು ನನ್ನನ್ನು ಬೈಯುತ್ತಾರೆ.

ಬೇರೆ ಕಡೆ ತಮಟೆ ಬಡಿದು, ಪಟಾಕಿ ಹಚ್ಚಿ ಆನೆ ಓಡಿಸುತ್ತಾರಂತೆ. ನಮ್ಮಲ್ಲಿ ಪಟಾಕಿ ಹಚ್ಚಿದರೆ ಬರೀ ಹೊಗೆ. ಹಿಂದಿನವರು ಆನೆ ದಾಟದ ಹಾಗೆ ಅಗಳು ತೋಡಿ ನೋಡಿದ್ದರು, ಮುಳ್ಳು ಒಟ್ಟಿ ನೋಡಿದ್ದರು. ದಾರಿ ಮುಚ್ಚಿದಾಗಲೆಲ್ಲ ಆನೆಗಳು ನಡುಬೀದಿಯಲ್ಲಿ ಬಂದವು. ಕೊನೆಗೆ ಗುಡ್ಡದಿಂದ ಹೊಳೆಯವರೆಗೆ ಒಂದು ಅಗಲವಾದ ಪಟ್ಟಿಯನ್ನು ಅವುಗಳಿಗೇ ಬಿಟ್ಟುಕೊಟ್ಟರು. ಅದೇ ಆನೆದಾರಿ. ಅದರ ಎರಡೂ ಬದಿಗೆ ಆನೆ ಮೂಸದ ಮೆಣಸಿನ ಗಿಡ. ಬಾಳೆ, ಕಬ್ಬು ಏನಿದ್ದರೂ ಊರ ಆಚೆ ಕಡೆಗೆ. ದಾರಿ ಅಂಚಿನ ಹೊಲದವರಿಗೆ ಪೈರು ತುಳಿದುಹೋದರೆ ಉಳಿದವರೆಲ್ಲ ಸುಗ್ಗಿಯಲ್ಲಿ ಒಂದೊಂದು ಮೊರ ರಾಗಿ ಹಾಕಿ ತುಂಬಿಕೊಡುತ್ತಾರೆ. ದಾರಿ ನೋಡಿಕೊಳ್ಳುವುದಕ್ಕೆ ಮನೆಗೊಬ್ಬರಂತೆ ಸರದಿ. ಅವರನ್ನು ದಾರಿಯವರು ಎನ್ನುತ್ತೇವೆ. ಅವರಿಗೆ ಹಿರಿಯ ಈರಮಲ್ಲಣ್ಣ.

ನನ್ನ ತಮ್ಮ ಜವರಯ್ಯನ ಹೊಲ ಇರುವುದು ಆ ದಾರಿ ಎಲ್ಲಕ್ಕಿಂತ ಕಿರಿದಾಗುವ ಕಡೆ. ಒಂದು ಬದಿಗೆ ಹಾಸುಬಂಡೆ, ಇನ್ನೊಂದು ಬದಿಗೆ ಅವನ ಬದು. ಹೋದ ವರ್ಷ ರಾಗಿ ಕೊಯ್ಲಿನಲ್ಲಿ ಅವನ ಹೆಂಡತಿ ಮುದ್ದವ್ವ ತಪ್ಪಿಸಿಕೊಂಡ ಮೇಕೆಯ ಹಿಂದೆ ದಾರಿಗೆ ಇಳಿದಳು. ಎಡದಂತ ಮೊಂಡಾದ ಒಂಟಿ ಸಲಗವೊಂದು ಬಂಡೆಯ ಮರೆಯಲ್ಲಿತ್ತು. ಜವರ ಬದುವಿನ ಈಚೆಗೆ, ಅವಳಿಗೆ ಬೆನ್ನು ಹಾಕಿ ಕುಯ್ಯುತ್ತಿದ್ದ. ಕುಡುಗೋಲಿನ ಸದ್ದು ಹೋದದ್ದು ಅವನಿಗೆ ತಿಳಿಯಿತು, ತಲೆ ತಗ್ಗಿಸಿ ಪೈರಿನಲ್ಲೇ ಕೂತ, ನಾವೆಲ್ಲ ಮಾಡುವ ಹಾಗೆ. ಸದ್ದು ಬಂದ ಮೇಲೆ ಎದ್ದು ತಿರುಗಿ ನೋಡಿದ.

“ಅವಳು ಕೂಗಿರ್ತಾಳೆ ಕಣಕ್ಕ,” ಎಂದು ಅವನು ನನ್ನ ಹತ್ತಿರ ಒಂದೇ ಸಲ ಹೇಳಿದ್ದು. “ನನ್ನ ಹೆಸರು ಹಿಡ್ದು ಕೂಗಿರ್ತಾಳೆ.”

ತಿಥಿ ಮುಗಿದ ಮೇಲೆ ಊರ ಸಭೆಯಲ್ಲಿ ಜವರ ಎದ್ದು ನಿಂತ. “ಅಗಳು ಹೊಡೀರಿ. ಬಂಡೆಯಿಂದ ನನ್ನ ಹೊಲದಗಂಟ ಅಗಳು ಹೊಡೀರಿ. ಇನ್ನೊಂದು ಈ ಕಡೆ ಬರಬಾರದು.”

ಈರಮಲ್ಲಣ್ಣ ಮೆಲ್ಲಗೆ ಹೇಳಿದ. “ಹೊಡೆದ್ರೆ ನಿಲ್ಲಕಿಲ್ಲ ಜವರಯ್ಯ. ಬೀದಿಗೆ ಬತ್ತವೆ. ನಮ್ಮಪ್ಪನ ಕಾಲದಲ್ಲಿ ಬಿದ್ದ ಮನೆಗಳ ಪಾಯ ಇನ್ನೂ ಅದೆ, ಹೋಗಿ ನೋಡು.”

“ಹೆಂಡ್ತಿ ಸತ್ತೋನು ನೀನಲ್ಲ.”

ಆಗ ಎದ್ದವಳು ಅವನ ಮಗಳು ಚೆನ್ನಾಜಿ. ಮುದ್ದವ್ವನ ಹಾಗೇ ಎತ್ತರ, ಅವಳ ಹಾಗೇ ಮಾತಾಡುವಾಗ ಸೆರಗಿನ ತುದಿ ಸುತ್ತುವ ಅಭ್ಯಾಸ. “ಸತ್ತೋಳು ನಂಗೂ ಅವ್ವನೇ,” ಎಂದಳು. “ದಾರಿ ಮುಚ್ಚದು ಬ್ಯಾಡ. ನಮ್ಮನೆ ಕಡೆಯಿಂದ ಸರದಿಗೆ ನಾನು ಹೋಯ್ತೀನಿ.” ಕೈ ಎತ್ತಿದವರಲ್ಲಿ ಹೆಚ್ಚಿನವರು ಅವಳ ಕಡೆ. ಅಪ್ಪ ಮಗಳು ಅವತ್ತಿನಿಂದ ಒಂದೇ ಒಲೆಯಲ್ಲಿ ಉಂಡರೂ ಮಾತು ಕಡಿಮೆಯಾಯಿತು.

ಬೇಸಿಗೆ ಶುರುವಾದಾಗ ಜವರ ಹೊಲದ ಅಂಚಿನಲ್ಲಿ ಗುಂಡಿ ತೋಡತೊಡಗಿದ. ನಾನೊಂದು ದಿನ ಮುದ್ದೆ, ಸೊಪ್ಪಿನ ಸಾರು ತೆಗೆದುಕೊಂಡು ಹೋದೆ. ಅವನು ಆಗಲೇ ಎದೆಯುದ್ದ ಇಳಿದಿದ್ದ.

“ಏನ್ಲಾ ಇದು?”

“ಬಾವಿ.”

“ಇಲ್ಲೆಲ್ಲಿ ನೀರು ಸಿಕ್ಕದು? ಹೊಲದ ನಡುವೆ ತೋಡಬಾರದಾ?”

“ತೋಡಿದ್ರೆ ತಾನೆ ಗೊತ್ತಾಗದು,” ಎಂದ. ಮುಖ ಮೇಲೆತ್ತಲಿಲ್ಲ. ದಾರಿಯವರೂ ಬಂದು ಕೇಳಿದರು. ನನ್ನ ಹೊಲದಲ್ಲಿ ನಾನು ತೋಡುತ್ತೇನೆ ಎಂದ. ಹೊಲ ಅವನದೇ. ಹೆಂಡತಿ ಸತ್ತವನ ಜೊತೆ ಹೆಚ್ಚು ಮಾತು ಬೆಳೆಸಲು ಯಾರಿಗೂ ಮನಸ್ಸು ಬರಲಿಲ್ಲ. ದುಃಖ ಕೈಗೆ ಇಳಿದರೆ ಒಳ್ಳೆಯದೇ ಎಂದುಕೊಂಡು ನಾನೂ ಸುಮ್ಮನಾದೆ.

ಅವತ್ತು ಬೆಳಿಗ್ಗೆ ಮಿಲ್ಲಿನಲ್ಲಿ ರಾಗಿ ಬೀಸುತ್ತಿದ್ದೆ. ಡಬ್ಬಿ ಹಿಡಿದು ಐದಾರು ಹೆಂಗಸರು ಕೂತಿದ್ದರು. ಸದ್ದು ಹೋಯಿತು. ನಾವು ಎಂದಿನಂತೆ ಬಾಗಿಲು ಎಳೆದುಕೊಂಡು ಕೂತೆವು. ಹಿಟ್ಟು ಚೀಲಕ್ಕೆ ಇಳಿಯುತ್ತಲೇ ಇತ್ತು. ಸಾಮಾನ್ಯವಾಗಿ ಒಂದು ಡಬ್ಬಿ ಬೀಸಿ ಮುಗಿಯುವುದರೊಳಗೆ ಹೊಳೆಗೆ ಇಳಿದಿರುತ್ತವೆ. ಒಂದು ಡಬ್ಬಿ ಮುಗಿಯಿತು. ಇನ್ನೊಂದು ಸುರಿದೆ, ಅದೂ ಮುಗಿಯಿತು. ಸದ್ದು ಬರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬಳ ಮಡಿಲಲ್ಲಿದ್ದ ಕೂಸು ಅಳುತ್ತಿತ್ತು. ಅಳುವುದು ಕೇಳಿಸದೆ ಅದರ ಮುಖ ಕೆಂಪಾಗುವುದನ್ನು ನೋಡುವುದಕ್ಕೆ ಹೆದರಿಕೆಯಾಗುತ್ತಿತ್ತು. ನಾನು ಮೋಟರ್ ಆರಿಸಿ, ಹಿಂದಿನ ಏಣಿ ಹತ್ತಿ ತಾರಸಿಗೆ ಹೋದೆ. ಆನೆದಾರಿಯ ಕಡೆಯಿಂದ ದಾರಿಯವರ ಕನ್ನಡಿ ಮಿಂಚುತ್ತಿತ್ತು. ಉದ್ದ ಮಿಂಚು, ಮತ್ತೆ ಉದ್ದ ಮಿಂಚು. ಗುದ್ದಲಿ ಹಿಡಿದು ಬನ್ನಿ ಎಂದು ಅದರ ಅರ್ಥ. ಮಿಂಚು ಬರುತ್ತಿದ್ದದ್ದು ಜವರನ ಹೊಲದಿಂದ.

ನಾನು ಹೋಗುವ ಹೊತ್ತಿಗೆ ಆಗಲೇ ಜನ ಸೇರಿದ್ದರು. ಹುಣಸೆಮರಗಳ ಕೆಳಗೆ ಹಿಂಡು ನಿಂತಿತ್ತು. ಒಂದು ಹೆಣ್ಣಾನೆ ಮಾತ್ರ ಹಿಂಡು ಬಿಟ್ಟು ಮುಂದೆ ಬಂದು, ಕಾಲಿನಿಂದ ನೆಲ ಕೆರೆದು, ಹಿಂದಕ್ಕೆ ಹೋಗಿ, ಮತ್ತೆ ಬರುತ್ತಿತ್ತು. ಗುಂಡಿಯೊಳಗೆ ಮರಿಯಾನೆ. ಎರಡಾಳು ಆಳ. ತಳದ ಕೆಸರಿನಲ್ಲಿ ಬಿದ್ದು, ಎದ್ದು, ಗೋಡೆಗೆ ಸೊಂಡಿಲು ಬಡಿಯುತ್ತಿತ್ತು. ಬಾಯಿ ಅಗಲ ತೆರೆದಿತ್ತು.

ಗುಂಡಿಯ ಬಾಯಿಗೆ ಅಡ್ಡಡ್ಡ ಹಾಸಿದ ಹಸಿ ತೆಂಗಿನ ಗರಿಗಳು ಮುರಿದು ಜೋತಾಡುತ್ತಿದ್ದವು. ಗರಿಗಳ ಮೇಲೆ ತೆಳ್ಳಗೆ ಮಣ್ಣು ಹರಡಿತ್ತು. ಗುಂಡಿಗೂ ದಾರಿಗೂ ನಡುವೆ ಮೆಣಸಿನ ಗಿಡ ಕಿತ್ತ ಗುರುತು. ದನ ಬೀಳದಿರಲಿ ಎಂದು ಬಾವಿ ಮುಚ್ಚುವವರು ಮೇಲೆ ಮಣ್ಣು ಹರಡುವುದಿಲ್ಲ. ಜವರ ಹೊಲದ ಕಾವಲಿನ ಅಟ್ಟಣೆಯ ಮೇಲಿದ್ದ, ತೊಡೆಯ ಮೇಲೆ ನಮ್ಮಪ್ಪನ ಕಾಲದ ನಾಡಬಂದೂಕು. ನಾನು ಅವನ ಕಡೆ ನೋಡಿದೆ. ಅವನು ಆನೆಯ ಕಡೆ ನೋಡಿದ.

ಈರಮಲ್ಲಣ್ಣ ಕೈಯಲ್ಲೇ ಹೇಳಿದ. ಊರ ಕಡೆಯ ಗೋಡೆಯನ್ನು ಇಳಿಜಾರಾಗಿ ಕಡಿಯಿರಿ, ಮಣ್ಣು ಒಳಗೆ ಬೀಳಲಿ, ಮರಿ ಹತ್ತಲಿ. ತಾಯಿಯನ್ನು ಹೊಗೆಯಲ್ಲಿ ತಡೆಯೋಣ. ಬೆರಣಿಯ ನಡುವೆ ಒಣಮೆಣಸಿನಕಾಯಿ ಇಟ್ಟು ಹಚ್ಚಿದರು. ಗಾಳಿ ನಮ್ಮ ಕಡೆಯಿಂದ ಹಿಂಡಿನ ಕಡೆಗಿತ್ತು. ಹೊಗೆ ಗೋಡೆಯ ಹಾಗೆ ಎದ್ದು ಹೋಯಿತು. ತಾಯಿ ಹಿಂದೆ ಸರಿದಳು. ಅವಳ ಕಿವಿ ಬೀಸುವುದು ಹೊಗೆಯಾಚೆ ಕಾಣುತ್ತಿತ್ತು.

ಗುದ್ದಲಿಗಳು ಎದ್ದವು, ಬಿದ್ದವು. ಕಲ್ಲಿಗೆ ಬಡಿದರೂ ಠಣ್ ಎನ್ನಲಿಲ್ಲ, ಕಿಡಿ ಮಾತ್ರ ಹಾರಿತು. ಯಾರಿಗೂ ಯಾರನ್ನೂ ಎಚ್ಚರಿಸಲಾಗದು. ಪಕ್ಕದವನ ಗುದ್ದಲಿ ನಮ್ಮ ಕಾಲಿಗೆ ಬಿದ್ದೀತೇ ಎಂದು ಒಂದು ಕಣ್ಣು ಅಲ್ಲಿ, ಹೊಗೆ ತೆಳುವಾದೀತೇ ಎಂದು ಒಂದು ಕಣ್ಣು ಇಲ್ಲಿ. ಇಳಿಜಾರು ಅರ್ಧಕ್ಕೆ ಬಂದಾಗ ಹೊಸ ತೊಂದರೆ ಕಂಡಿತು. ಬಿದ್ದ ಮಣ್ಣು ಮರಿಯ ಮೊಣಕಾಲಿಗೆ ಬಂದಿತ್ತು, ಅದು ಹೆದರಿ ಎದುರಿನ ಮೂಲೆಗೆ ಒತ್ತಿಕೊಂಡು ನಿಂತಿತ್ತು. ಹೀಗೇ ಸುರಿದರೆ ಹೂತುಹೋಗುತ್ತದೆ. ಯಾರಾದರೂ ಇಳಿದು ಅದನ್ನು ಈಚೆಗೆ ತಿರುಗಿಸಬೇಕಿತ್ತು.

ಯಾರು ಎಂದು ಈರಮಲ್ಲಣ್ಣ ಕೇಳುವ ಮೊದಲೇ ಚೆನ್ನಾಜಿ ಹಗ್ಗವನ್ನು ಸೊಂಟಕ್ಕೆ ಬಿಗಿದಳು. ನಾನು ಬೇಡ ಎಂದು ಕೈಯಾಡಿಸಿದೆ. ಅವಳು ಹಗ್ಗದ ಇನ್ನೊಂದು ತುದಿಯನ್ನು ನನ್ನ ಕೈಗೇ ಇಟ್ಟಳು. ನನ್ನ ಹಿಂದೆ ಇನ್ನಿಬ್ಬರು ಹಿಡಿದುಕೊಂಡರು. ಅವಳು ಇಳಿದಳು.

ಅಟ್ಟಣೆಯ ಮೇಲೆ ಜವರ ಎದ್ದು ನಿಂತದ್ದು ಕಂಡಿತು. ಧುಮುಕಿದ. ಬಂದೂಕು ಹಿಡಿದೇ ಓಡಿ ಬಂದ. ಬಾಯಿ ಆಡುತ್ತಿತ್ತು. ಗುಂಡಿಯ ಅಂಚಿಗೆ ಬಂದು ಕೆಳಗೆ ನೋಡಿದ. ಚೆನ್ನಾಜಿ ಮೇಲೆ ನೋಡಲಿಲ್ಲ. ಅವಳು ಮರಿಯ ಕಿವಿಯ ಹಿಂದೆ ಕೈಯಿಟ್ಟು, ಮೆಲ್ಲಗೆ, ಕರು ತಿರುಗಿಸುವ ಹಾಗೆ ತಿರುಗಿಸುತ್ತಿದ್ದಳು. ಮರಿ ಒಮ್ಮೆ ಅವಳನ್ನು ಗೋಡೆಗೆ ಒತ್ತಿತು. ಹಗ್ಗ ನನ್ನ ಅಂಗೈಯಲ್ಲಿ ಸರ್ರನೆ ಜಾರಿ ಚರ್ಮ ಕಿತ್ತಿತು. ಮತ್ತೆ ಅವಳ ತಲೆ ಕಂಡಿತು. ಮರಿಯ ಮುಂಗಾಲು ಇಳಿಜಾರಿನ ಮೇಲೆ ಬಂದಿತ್ತು.

ಅಷ್ಟರಲ್ಲಿ ಗಾಳಿ ತಿರುಗಿತು.

ಹೊಗೆ ನಮ್ಮ ಮೇಲೆಯೇ ಬಂತು. ಕಣ್ಣು ಉರಿದು ನೀರಾಯಿತು, ಎದೆ ಹಿಂಡಿ ಕೆಮ್ಮು ಬಂತು, ಕೆಮ್ಮಿದ್ದು ಕೇಳಲಿಲ್ಲ. ಗುದ್ದಲಿ ಬಿಟ್ಟು ಜನ ಊರ ಕಡೆ ಓಡಿದರು. ನನ್ನ ಹಿಂದೆ ಹಗ್ಗ ಹಿಡಿದಿದ್ದವರೂ ಬಿಟ್ಟರು. ಅವರನ್ನು ನಾನು ದೂರುವುದಿಲ್ಲ. ಕಣ್ಣು ಕಾಣದ, ಕಿವಿ ಕೇಳದ ಜಾಗದಲ್ಲಿ ನಿಲ್ಲುವುದು ಎಲ್ಲರಿಂದಾಗುವ ಮಾತಲ್ಲ. ಭಾರವೆಲ್ಲ ನನ್ನ ತೋಳಿಗೆ ಬಂತು. ಹಗ್ಗವನ್ನು ಎರಡು ಸಲ ಜಗ್ಗಿದೆ. ಮೇಲೆ ಬಾ. ಕೆಳಗಿನಿಂದ ಚೆನ್ನಾಜಿ ಅಡ್ಡಡ್ಡ ಅಲುಗಿಸಿದಳು. ಇಲ್ಲ. ಅವಳ ಭುಜ ಮರಿಯ ಹಿಂಭಾಗಕ್ಕೆ ಆನಿಸಿಕೊಂಡಿತ್ತು, ಬಿಟ್ಟರೆ ಅದು ಜಾರಿ ಅವಳ ಮೇಲೇ ಬೀಳುತ್ತಿತ್ತು.

ಹೊಗೆಯೊಳಗಿಂದ ತಾಯಿ ಬಂದಳು. ಓಡಿ ಬರಲಿಲ್ಲ, ನಡೆದು ಬಂದಳು. ಅದೇ ಹೆಚ್ಚು ಹೆದರಿಸಿತು. ಜವರ ಬಂದೂಕನ್ನು ಭುಜಕ್ಕೆ ಏರಿಸಿದ. ಅಷ್ಟು ಹತ್ತಿರದಿಂದ ಗುರಿ ತಪ್ಪುತ್ತಿರಲಿಲ್ಲ. ಆದರೆ ಆ ಹಳೆಯ ಬಂದೂಕಿನ ಒಂದು ಗುಂಡಿಗೆ ಆನೆ ಸಾಯುವುದಿಲ್ಲ. ಸತ್ತರೆ ಬೀಳುವುದು ಗುಂಡಿಗೆ, ಸಾಯದಿದ್ದರೆ ತುಳಿಯುವುದು ನಮ್ಮನ್ನು. ಇದೆಲ್ಲ ಅವನಿಗೂ ಗೊತ್ತು. ಗೊತ್ತಿರುವುದು ಅವನ ಮುಖದಲ್ಲಿ ಇರಲಿಲ್ಲ. ಕೂಗಿ ಹೇಳುವಂತಿಲ್ಲ, ಕೈಮಾತು ಆಡೋಣವೆಂದರೆ ಎರಡೂ ಕೈ ಹಗ್ಗದಲ್ಲಿ. ನನ್ನ ಕಾಲು ಮಣ್ಣಿನಲ್ಲಿ ಜಾರತೊಡಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ನಾನೂ ಒಳಗೆ ಹೋಗುವವಳೇ.

ನಾನು ಹಗ್ಗವನ್ನು ಹಿಡಿದೇ ಪಕ್ಕಕ್ಕೆ ವಾಲಿ, ನನ್ನ ಹಿಂದೆ ಸಡಿಲವಾಗಿ ಬಿದ್ದಿದ್ದ ತುದಿಯನ್ನು ಕಾಲಿನಿಂದ ಅವನ ಕಡೆ ಒದ್ದೆ. ಅದು ಅವನ ಪಾದದ ಮೇಲೆ ಹೋಗಿ ಬಿತ್ತು. ಅವನು ಕೆಳಗೆ ನೋಡಿದ. ಹಗ್ಗ ನೋಡಿದ. ಹಗ್ಗದ ಉದ್ದಕ್ಕೂ ಅವನ ಕಣ್ಣು ಹೋಗಿ ನನ್ನ ಕೈಗೆ ಬಂತು, ರಕ್ತ ಆಗಿತ್ತು. ಅಲ್ಲಿಂದ ಅಂಚಿನಾಚೆ ಇಳಿಯಿತು. ಆ ಹಗ್ಗ ಹಿಡಿಯಬೇಕೆಂದರೆ ಎರಡು ಕೈ ಬೇಕು.

ಬಂದೂಕು ಬಿದ್ದದ್ದು ನಾನು ನೋಡಲಿಲ್ಲ. ಹಗ್ಗದ ಭಾರ ಇದ್ದಕ್ಕಿದ್ದಂತೆ ಅರ್ಧವಾದದ್ದು ತಿಳಿಯಿತು. ಅವನು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಹಿಮ್ಮಡಿ ಊರಿ, ಅಂಚಿನಲ್ಲೇ ನಿಂತುಬಿಟ್ಟ. ತಾಯಾನೆ ಅವನ ಎಡಕ್ಕೆ ಬಂದು ನಿಂತಳು. ಅವಳ ಮುಂಗಾಲಿಗೂ ಅವನ ಕಾಲಿಗೂ ನಡುವೆ ಒಂದು ಮೊರ ಇಡುವಷ್ಟು ಜಾಗ. ಅವನು ಅವಳ ಕಡೆ ತಿರುಗಲಿಲ್ಲ. ಅವಳ ಸೊಂಡಿಲು ಅವನ ಹೆಗಲ ಮೇಲೆ ಹಾದು, ತಡವರಿಸಿ, ಕೆಳಗಿಳಿದು ಮರಿಯ ಕೊರಳು ಹಿಡಿಯಿತು. ಅವಳು ಅವಳ ಮರಿಯನ್ನು ಎಳೆದಳು. ಅವನು ಅವನ ಮಗಳನ್ನು ಎಳೆದ. ಒಂದೇ ಗುಂಡಿಯ ಒಂದೇ ಅಂಚಿನಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ಎಳೆದರು. ಮಣ್ಣು ಕುಸಿಯಿತು, ಮರಿ ಜಾರಿತು, ಚೆನ್ನಾಜಿಯ ಭುಜ ಅದನ್ನು ಮತ್ತೆ ಮೇಲಕ್ಕೆ ಒತ್ತಿತು. ಮರಿಯ ಹಿಂಗಾಲು ಅಂಚಿಗೆ ಬಂದಾಗ ತಾಯಿ ಒಮ್ಮೆಲೇ ಹಿಂದಕ್ಕೆ ನಡೆದಳು. ಅದರ ಹಿಂದೆಯೇ ಕೆಸರಿನ ಮುದ್ದೆಯಂತೆ ಚೆನ್ನಾಜಿ ಹೊರಗೆ ಬಿದ್ದಳು.

ತಾಯಾನೆ ನಮ್ಮನ್ನು ನೋಡುತ್ತಾ ನಿಂತಳು. ಎಷ್ಟು ಹೊತ್ತೋ. ಮರಿ ಅವಳ ಹೊಟ್ಟೆಯಡಿಗೆ ನುಗ್ಗಿತು. ಆಮೇಲೆ ಹಿಂಡು ತಿರುಗಿ, ಹೊಳೆಯ ಕಡೆ ಹೊರಟಿತು.

ಹೊಗೆ ಕರಗುತ್ತಿದ್ದ ಹಾಗೇ ಸದ್ದು ಬಂತು. ಮೊದಲು ಕೆಮ್ಮು, ಊರೆಲ್ಲ ಕೆಮ್ಮುವ ಸದ್ದು. ಆಮೇಲೆ ಯಾರೋ ಅಳುವುದು. ಅದರ ನಡುವೆ ನನ್ನ ತಮ್ಮನ ದನಿ. ಅವನು ಅಷ್ಟು ಹೊತ್ತೂ ಕೂಗುತ್ತಲೇ ಇದ್ದನೆಂದು ನನಗೆ ತಿಳಿದದ್ದು ಆಗ. “ಬಿಡಕಿಲ್ಲ ಕಣವ್ವ, ಬಿಡಕಿಲ್ಲ, ಬಿಡಕಿಲ್ಲ...” ಎನ್ನುತ್ತಿದ್ದ. ತನ್ನ ದನಿ ತನ್ನ ಕಿವಿಗೆ ಬಿದ್ದ ಮೇಲೆ ನಿಲ್ಲಿಸಿದ. ಹಗ್ಗ ಆಗಲೂ ಅವನ ಸೊಂಟದಲ್ಲಿತ್ತು.

ಓಡಿಹೋಗಿದ್ದವರು ಒಬ್ಬೊಬ್ಬರಾಗಿ ಮರಳಿ ಬಂದರು. ಚೆನ್ನಾಜಿ ಎದ್ದು ಕೂತು, ಮುಖದ ಕೆಸರು ಒರೆಸಿಕೊಂಡಳು. ಮುರಿದ ತೆಂಗಿನ ಗರಿಯೊಂದನ್ನು ಎತ್ತಿ ನೋಡಿದಳು.

“ಅಪ್ಪಾ,” ಎಂದಳು. “ಇದು ಬಾವಿಯಾ, ಆನೆ ಬೀಳ್ಸೋ ಖೆಡ್ಡವಾ?”

ಸುತ್ತ ಊರೇ ನಿಂತಿತ್ತು. ಆನೆ ಇಲ್ಲದೆಯೂ ಅಷ್ಟು ಸದ್ದಿಲ್ಲದ ಹೊತ್ತನ್ನು ನಾನು ಕಂಡಿರಲಿಲ್ಲ. ಗರಿಗಳ ಮೇಲೆ ಹರಡಿದ್ದ ಮಣ್ಣು ಆಗಲೇ ತುಳಿದು ಕಲಸಿಹೋಗಿತ್ತು, ಬಾವಿ ಎಂದಿದ್ದರೆ ಅಲ್ಲಗಳೆಯುವ ಸಾಕ್ಷಿ ಯಾರ ಹತ್ತಿರವೂ ಇರಲಿಲ್ಲ. ನಾನೂ ಬಾಯಿ ಬಿಡುತ್ತಿರಲಿಲ್ಲವೇನೋ.

“ಖೆಡ್ಡ,” ಎಂದ ಜವರ. “ಆ ಒಂಟಿ ಸಲಗಕ್ಕೆ ತೋಡಿದ್ದು. ಇದು ಬಿದ್ದದೆ ಅಂತ ಬೆಳಿಗ್ಗೆ ನೋಡ್ದಾಗ... ಇದಾದ್ರೂ ಆಗ್ಲಿ ಅಂದ್ಕೊಂಡೆ.”

ಯಾರೋ ಛೀ ಎಂದರು. ಇನ್ನೊಬ್ಬ, ಇವನನ್ನ ಊರಿಂದ ಆಚೆ ಹಾಕ್ಬೇಕು, ಹಿಂಡು ಬೀದಿಗೆ ನುಗ್ಗಿದ್ರೆ ಮಕ್ಕಳ ಗತಿ ಏನಾಗ್ತಿತ್ತು ಎಂದು ಏರಿಬಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡು ಸಲ ಪೈರು ತುಳಿಸಿಕೊಂಡಿದ್ದ ಪಕ್ಕದ ಹೊಲದ ಸಣ್ಣತಾಯಿ ಅಡ್ಡ ಬಂದಳು. “ಏರಬ್ಯಾಡ ನೀನು. ನಿನ್ನ ಮನೇಲಿ ಸತ್ತಿದ್ರೆ ನೀನೇನು ಹೂವಿನ ಗಿಡ ನೆಡ್ತಿದ್ಯಾ?” ಎಂದಳು. ಅದರಲ್ಲೂ ಸುಳ್ಳಿರಲಿಲ್ಲ. ಮಾತು ಮಾತಿಗೆ ಬೆಳೆಯಿತು. ಈರಮಲ್ಲಣ್ಣ ಬಂದೂಕನ್ನು ಎತ್ತಿಕೊಂಡ. “ಇದು ನನ್ನ ಹತ್ರ ಇರ್ತದೆ. ಉಳಿದಿದ್ದು ಸಭೇಲಿ,” ಎಂದ.

ಚೆನ್ನಾಜಿ ಅಲ್ಲೇ ಬಿದ್ದಿದ್ದ ಗುದ್ದಲಿಯೊಂದನ್ನು ತಂದು ಅಪ್ಪನ ಮುಂದೆ ಹಾಕಿದಳು. “ಮುಚ್ಚು,” ಎಂದಳು. ಅವನು ಹಗ್ಗ ಬಿಚ್ಚಿ, ಗುದ್ದಲಿ ತೆಗೆದುಕೊಂಡ. ಅವಳು ಬದುವಿನ ಮೇಲೆ ಕೂತು ನೋಡಿದಳು. ಜನ ಚದುರಿದರು. ನಾನು ಅಂಗೈಗೆ ಬಟ್ಟೆ ಸುತ್ತಿಕೊಂಡು ಮಣ್ಣು ಹೊರಲು ಮಂಕರಿ ಹುಡುಕಿದೆ.

ಸಭೆ ಅವನನ್ನು ಊರಿಂದ ಆಚೆ ಹಾಕಲಿಲ್ಲ. ಹಾಕಬೇಕೆಂದವರೂ ಕಡಿಮೆಯಿರಲಿಲ್ಲ. ಆ ವರ್ಷದ ಮೊರದ ರಾಗಿ ಅವನಿಗೆ ಇಲ್ಲವೆಂದರು, ಒಪ್ಪಿಕೊಂಡ. ದಾರಿ ಕಿರಿದಾಗುವ ಕಡೆ ತನ್ನ ಹೊಲದ ಅಂಚನ್ನು ದಾರಿಗೇ ಬಿಡುತ್ತೇನೆಂದು ತಾನಾಗಿ ಹೇಳಿದ. ಬೇಲಿ ಹಿಂದಕ್ಕೆ ಕಟ್ಟುವ ಕೆಲಸಕ್ಕೆ ದಾರಿಯವರು ಬಂದರು, ಅವನ ಜೊತೆ ಕೆಲಸ ಮಾಡಿದರು, ಮಾತು ಮಾತ್ರ ಬೇಕಾದಷ್ಟೇ ಆಡಿದರು. ಮನೆಯಲ್ಲಿ ಚೆನ್ನಾಜಿಯೂ ಅಷ್ಟೇ.

ಗುಂಡಿ ಪೂರ್ತಿ ತುಂಬಿದ ಮೇಲೆ, ಒಂದು ಮಧ್ಯಾಹ್ನ ನಾವು ಮೂವರೂ ಬೇಲಿಯ ಹೊರಗಂಚಿಗೆ ಮೆಣಸಿನ ಸಸಿ ನೆಡುತ್ತಿದ್ದೆವು. ಮಣ್ಣು ಕೆದಕುತ್ತಿದ್ದ ಕುರ್ಚಿಗೆಯ ಸದ್ದು ಹೋಯಿತು. ಎದ್ದು, ಹಿಂದಕ್ಕೆ ನಡೆದು, ಹೊಸ ಬೇಲಿಯ ಈಚೆಗೆ ಕೂತೆವು. ಬಂಡೆಯ ಮರೆಯಿಂದ ಒಂದೇ ಒಂದು ಆನೆ ಬಂತು. ಎಡದಂತ ಮೊಂಡು. ಅದೇ ಸಲಗ. ನಾನು ಜವರನ ಕಡೆ ನೋಡಲು ಹೆದರಿದೆ. ಚೆನ್ನಾಜಿ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಲಗ ಮುಚ್ಚಿದ ಗುಂಡಿಯ ಹತ್ತಿರ ಬಂದು ನಿಂತಿತು. ಒಂದು ಕಾಲನ್ನು ಹೊಸ ಮಣ್ಣಿನ ಮೇಲಿಟ್ಟು, ಭಾರ ಹಾಕಿ ನೋಡಿ, ಹಿಂದಕ್ಕೆ ತೆಗೆಯಿತು. ಸುತ್ತು ಹಾಕಿ, ನಾವು ಬಿಟ್ಟುಕೊಟ್ಟ ಅಂಚಿನ ಮೇಲೆ ನಡೆದು ಹೊಳೆಗೆ ಇಳಿಯಿತು. ಜವರ ತಲೆ ತಗ್ಗಿಸಲಿಲ್ಲ. ಅದು ಕಣ್ಣಿಗೆ ಮರೆಯಾಗುವ ತನಕ ನೋಡಿದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಸದ್ದು ಬಂತು. ದೂರದಲ್ಲಿ ಯಾವುದೋ ಕೋಳಿ ಕೂಗಿತು. ಅವನು ಬೇಲಿ ದಾಟಿ ಹೋಗಿ, ಆನೆ ಕಾಲಿಟ್ಟಲ್ಲಿ ಆದ ಗುಳಿಯ ಮುಂದೆ ಕೂತು, ಕೈಯಿಂದ ಒತ್ತಿ ನೋಡಿದ.

“ಮಣ್ಣು ಇನ್ನೂ ಕುಸೀತದೆ,” ಎಂದ. “ಇನ್ನೊಂದೆರಡು ಗಾಡಿ ಹಾಕ್ಬೇಕು.”

“ನಾಳೆ ಹಾಕಾನ ಬಾ ಅಪ್ಪ,” ಎಂದಳು ಚೆನ್ನಾಜಿ.